ಬುಧವಾರ ತೆರೆಯುವ ಗುಮ್ಮಟ

ದಾನ ಕೊಟ್ಟವನಿಗೆ ಒಂದು ಹಟವಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ದೂರದರ್ಶಕದ ಮಸೂರ 15 ಇಂಚಿನದು. ತಾನು ಕೊಡಿಸುವುದು ಅದಕ್ಕಿಂತ ದೊಡ್ಡದಿರಬೇಕು. ಮಸಾಚುಸೆಟ್ಸ್‌ನ ಆಲ್ವನ್ ಕ್ಲಾರ್ಕ್ ಅಂಡ್ ಸನ್ಸ್ ಆ ಕಾಲಕ್ಕೆ ಮಸೂರ ತಯಾರಿಕೆಯಲ್ಲಿ ದೊಡ್ಡ ಹೆಸರು. ಅವರು 15.6 ಇಂಚಿನದೊಂದನ್ನು ಉಜ್ಜಿ, ಹೊಳಪು ಕೊಟ್ಟು ಒಪ್ಪಿಸಿದರು. ಅರ್ಧ ಇಂಚು ಚಿಲ್ಲರೆಯಲ್ಲಿ ಹಟ ಗೆದ್ದಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ, ಮೆಂಡೋಟಾ ಸರೋವರದ ದಡದ ಗುಡ್ಡದ ಮೇಲೆ ಆ ದೂರದರ್ಶಕ ಈಗಲೂ ಇದೆ. ಸುಮ್ಮನೆ ಇಲ್ಲ, ದುಡಿಯುತ್ತಿದೆ.

ದಾನಿಯ ಹೆಸರು ಕ್ಯಾಡ್ವಾಲಡರ್ ವಾಶ್‌ಬರ್ನ್. ಅಂತರ್ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವ, 1872ರಿಂದ ಎರಡು ವರ್ಷ ರಾಜ್ಯದ ಗವರ್ನರ್, ಹಣ ಮಾಡಿದ್ದು ಮಾತ್ರ ಗೋಧಿ ಹಿಟ್ಟಿನಲ್ಲಿ. ಮಿನಿಯಾಪೊಲಿಸ್‌ನಲ್ಲಿದ್ದ ಅವನ ದೊಡ್ಡ ಗಿರಣಿ 1878ರ ಮೇ 2ರಂದು ಸ್ಫೋಟಿಸಿ 18 ಜನ ಸತ್ತರು. ಯಾರೂ ಬಾಂಬ್ ಇಟ್ಟಿರಲಿಲ್ಲ, ಸಿಡಿದದ್ದು ಹಿಟ್ಟು. ಗಾಳಿಯಲ್ಲಿ ತೇಲುವ ಹಿಟ್ಟಿನ ಪ್ರತಿ ಕಣದ ಸುತ್ತಲೂ ಆಮ್ಲಜನಕ ಇರುವುದರಿಂದ ಒಂದು ಕಿಡಿ ಬಿದ್ದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಹೊತ್ತಿಕೊಳ್ಳುತ್ತದೆ. ಮೂಟೆಯಲ್ಲಿ ಕಟ್ಟಿಟ್ಟ ಅದೇ ಹಿಟ್ಟಿಗೆ ಬೆಂಕಿ ಹಚ್ಚುವುದೇ ಕಷ್ಟ. ಅದೇ ವರ್ಷ ಮ್ಯಾಡಿಸನ್‌ನ ಗುಡ್ಡದ ಮೇಲೆ ವೀಕ್ಷಣಾಲಯದ ಕಟ್ಟಡದ ಕೆಲಸ ಶುರುವಾಯಿತು. 1881ರ ಹೊತ್ತಿಗೆ ಮುಗಿಯಿತು. ಮರುವರ್ಷ ವಾಶ್‌ಬರ್ನ್ ತೀರಿಕೊಂಡ.

ಆ ಗುಡ್ಡವೂ ಬರೀ ಗುಡ್ಡವಲ್ಲ. ಅಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ಪೂರ್ವಿಕರು ಮಣ್ಣನ್ನು ಗುಡ್ಡೆ ಹಾಕಿ ರೂಪಿಸಿದ ಹಕ್ಕಿಯ ಆಕಾರವೊಂದು, ಎರಡು ಬಾಲದ ಜಲದೇವತೆಯ ಆಕಾರವೊಂದು ಅದೇ ಹುಲ್ಲಿನ ಇಳಿಜಾರಿನಲ್ಲಿವೆ. ವಯಸ್ಸಿನಲ್ಲಿ ದೂರದರ್ಶಕ ಅವುಗಳ ಮುಂದೆ ಕೂಸು.

ಇಂದು ಈ ವಾಶ್‌ಬರ್ನ್ ವೀಕ್ಷಣಾಲಯ ತಿಂಗಳ ಮೊದಲ ಮತ್ತು ಮೂರನೆಯ ಬುಧವಾರ ಸಂಜೆ ಊರವರಿಗೆ ಬಾಗಿಲು ತೆರೆಯುತ್ತದೆ. ಬೇಸಿಗೆಯ ಮೂರು ತಿಂಗಳು ಪ್ರತಿ ಬುಧವಾರ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಆಕಾಶ ಮುಕ್ಕಾಲು ಪಾಲಾದರೂ ತಿಳಿಯಾಗಿದ್ದರೆ ತೆರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ದುರಸ್ತಿಯಂಥ ಕಾರಣಕ್ಕೆ ನಿಂತದ್ದು ಬಿಟ್ಟರೆ, ಜನರನ್ನು ಒಳಗೆ ಬಿಡುವ ಈ ಪದ್ಧತಿ ಕಟ್ಟಡದಷ್ಟೇ ಹಳೆಯದು. ಕಟ್ಟಡವನ್ನು ಬಳಸಿದ ವಿಜ್ಞಾನಿಗಳು ಬಂದರು, ಹೋದರು. ಸಂಶೋಧನೆಯೇ ಅಲ್ಲಿಂದ ಎದ್ದುಹೋಯಿತು. ಬುಧವಾರ ಮಾತ್ರ ಉಳಿಯಿತು. ಈ ಲೇಖನ ಆ ಬುಧವಾರದ ಬಗ್ಗೆ, ಅದನ್ನು ಉಳಿಸಿಕೊಂಡ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಮತ್ತು ಖಗೋಳ ವಿಭಾಗಗಳ ಬಗ್ಗೆ.

ಇಂಥ ದೂರದರ್ಶಕದಲ್ಲಿ ಏನು ಕಾಣುತ್ತದೆ? 40 ಸೆಂಟಿಮೀಟರ್ ಅಗಲದ ಮಸೂರ, ಆರು ಮೀಟರಿನಷ್ಟು ಉದ್ದದ ಕೊಳವೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರ್ ಅರಳುತ್ತದೆ. ಅಂದರೆ ಈ ಮಸೂರ ನಮ್ಮ ಕಣ್ಣಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಬೆಳಕನ್ನು ಒಟ್ಟುಗೂಡಿಸುತ್ತದೆ. ಹಾಗೆಂದು ಮೊದಲ ಬಾರಿ ಬಂದವರು ನಿರಾಶರಾಗುವುದಿಲ್ಲ ಎಂದೇನಿಲ್ಲ. ಹಬಲ್ ದೂರದರ್ಶಕದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ನೀಹಾರಿಕೆ ಎಂದರೆ ಗುಲಾಬಿ, ನೀಲಿ ಬಣ್ಣದ ಮೋಡವೆಂದು ನಂಬಿಕೊಂಡು ಬಂದವರಿಗೆ ಇಲ್ಲಿ ಕಾಣುವುದು ಬೂದು ಬಣ್ಣದ ಮಸುಕು. ತಪ್ಪು ದೂರದರ್ಶಕದ್ದಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಅಕ್ಷಿಪಟದ ಕೋಶಗಳಿಗೆ ಬಣ್ಣದ ಪರಿಜ್ಞಾನವಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಟ್ಟುಕೊಂಡು ಬಣ್ಣ ತೋರಿಸುತ್ತದೆ, ಕಣ್ಣು ಹಾಗೆ ಕೂಡಿಡಲಾರದು. ನಕ್ಷತ್ರಗಳಂತೂ ಎಷ್ಟು ದೊಡ್ಡ ದೂರದರ್ಶಕವಿಟ್ಟು ನೋಡಿದರೂ ಚುಕ್ಕೆಗಳೇ. ಹೆಚ್ಚು ಪ್ರಖರ ಚುಕ್ಕೆ, ಅಷ್ಟೇ.

ಆದರೆ ಶನಿ ಇದ್ದ ದಿನ ಕಥೆ ಬೇರೆ. ಉಂಗುರ ತೊಟ್ಟ ಆ ಗ್ರಹವನ್ನು ಮೊದಲ ಸಲ ನೋಡಿದವರಲ್ಲಿ ಒಬ್ಬರಾದರೂ ಕೊಳವೆಯ ಆ ತುದಿಗೆ ಏನಾದರೂ ಚಿತ್ರ ಅಂಟಿಸಿದ್ದೀರಾ ಎಂದು ಕೇಳುತ್ತಾರೆ. ಜಗತ್ತಿನ ಯಾವ ಊರಿನಲ್ಲಿ ದೂರದರ್ಶಕ ತೋರಿಸುವವರನ್ನು ವಿಚಾರಿಸಿದರೂ ಇದೇ ಪ್ರಶ್ನೆಯ ಕಥೆ ಹೇಳುತ್ತಾರೆ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ನಮ್ಮತ್ತ ತಿರುಗಿದ್ದರಿಂದ ಅದು ಕಾಣದಂತಾಗಿತ್ತು. ಇನ್ನು ಕೆಲವು ವರ್ಷ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗುತ್ತದೆ. ನೋಡದವರು ನೋಡಲು ಒಳ್ಳೆಯ ಕಾಲ ಇದು. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರರು, ರಾಜಹಂಸ ನಕ್ಷತ್ರಪುಂಜದ ಆಲ್ಬಿರಿಯೊ ಎಂಬ ಜೋಡಿ, ಒಂದು ಹೊಂಬಣ್ಣ, ಇನ್ನೊಂದು ನೀಲಿ. ಇವಕ್ಕೆಲ್ಲ ಊರಿನ ಬೀದಿದೀಪದ ಬೆಳಕು ಅಡ್ಡಿ ಮಾಡುವುದಿಲ್ಲ. ಮ್ಯಾಡಿಸನ್ ನಗರ ಬೆಳೆದು ಆಕಾಶ ಬಿಳಿಚಿಕೊಂಡ ಮೇಲೂ ಹಳೆಯ ದೂರದರ್ಶಕ ಊರವರ ಪಾಲಿಗೆ ಉಪಯುಕ್ತವಾಗಿ ಉಳಿದಿರುವ ಕಾರಣ ಇದೇ. ಮಸುಕಾದ ಗೆಲಾಕ್ಸಿ ಬೇಕಾದ ಸಂಶೋಧಕರು ಊರಾಚೆ ಹೋದರು. ಶನಿ ಸಾಕೆನ್ನುವ ನಮ್ಮಂಥವರಿಗೆ ಗುಡ್ಡವೇ ಸಾಕಾಯಿತು.

ಈ ಗುಡ್ಡದ ಇತಿಹಾಸದಲ್ಲಿ ನನಗೆ ತೀರಾ ಇಷ್ಟವಾದ ಕಥೆ ಗುಮ್ಮಟದ್ದಲ್ಲ, ನೆಲಮಾಳಿಗೆಯದ್ದು. ವೀಕ್ಷಣಾಲಯದ ಮೊದಲ ನಿರ್ದೇಶಕ ಜೇಮ್ಸ್ ಕ್ರೇಗ್ ವಾಟ್ಸನ್ 22 ಕ್ಷುದ್ರಗ್ರಹಗಳನ್ನು ಕಂಡುಹಿಡಿದಿದ್ದ ಘಟಾನುಘಟಿ. ಅವುಗಳಲ್ಲೊಂದನ್ನು ಶುಕ್ರ ಸಂಕ್ರಮಣ ನೋಡಲು ಚೀನಾಕ್ಕೆ ಹೋದಾಗ ಪೀಕಿಂಗ್‌ನಲ್ಲೇ ಹಿಡಿದಿದ್ದ. ಬುಧ ಗ್ರಹದ ಚಲನೆಯಲ್ಲಿ ನ್ಯೂಟನ್ನನ ಲೆಕ್ಕಕ್ಕೆ ಸಿಗದ ಸಣ್ಣದೊಂದು ವ್ಯತ್ಯಾಸವಿತ್ತು. ಸೂರ್ಯನಿಗೆ ಇನ್ನೂ ಹತ್ತಿರದಲ್ಲಿ ವಲ್ಕನ್ ಎಂಬ ಅಜ್ಞಾತ ಗ್ರಹವೊಂದಿದ್ದು ಅದು ಬುಧನನ್ನು ಎಳೆಯುತ್ತಿದೆ ಎಂದು ಆಗ ಹಲವರ ತರ್ಕ. 1878ರ ಜುಲೈ 29ರ ಖಗ್ರಾಸ ಗ್ರಹಣದಲ್ಲಿ ವಾಟ್ಸನ್ ಅದನ್ನು ಕಂಡೆನೆಂದು ಸಾರಿದ. ಬಹಳ ಮಂದಿ ನಂಬಲಿಲ್ಲ. ಮತ್ತೊಂದು ಗ್ರಹಣಕ್ಕೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಆಳದ ಬಾವಿಯೊಳಗಿನಿಂದ ನೋಡಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆ ಎಂಬ ನಂಬಿಕೆ ಅರಿಸ್ಟಾಟಲನ ಕಾಲದಿಂದ ಇತ್ತಲ್ಲ, ಅದನ್ನೇ ಹಿಡಿದು ಗುಡ್ಡದ ಬುಡದಲ್ಲಿ ಸ್ವಂತ ಖರ್ಚಿನಲ್ಲಿ ನೆಲಮಾಳಿಗೆ ತೋಡಿಸಿದ. ಅಲ್ಲಿಂದ ಇಳಿಜಾರಿನುದ್ದಕ್ಕೂ ಉದ್ದನೆಯ ಕೊಳವೆ. ಅದರ ಮೂಲಕ ಹಗಲಲ್ಲೇ ಸೂರ್ಯನ ಪಕ್ಕದ ವಲ್ಕನ್ ಕಾಣಬೇಕು. ಕಟ್ಟಿ ಮುಗಿಯುವ ಮೊದಲೇ, 1880ರ ನವೆಂಬರ್‌ನಲ್ಲಿ ವಾಟ್ಸನ್ ಸತ್ತ. ಅವನ ಜಾಗಕ್ಕೆ ಬಂದ ಎಡ್ವರ್ಡ್ ಹೋಲ್ಡನ್ ಸತ್ತವನ ಆಸೆಯೆಂದು ಕೆಲಸ ಪೂರ್ತಿ ಮಾಡಿಸಿ, ಒಳಗೆ ಕೂತು ಪರೀಕ್ಷಿಸಿದ. ವಲ್ಕನ್ ಹಾಗಿರಲಿ, ಎಲ್ಲರಿಗೂ ಗೊತ್ತಿರುವ ಪ್ರಖರ ನಕ್ಷತ್ರಗಳೇ ಕಾಣಲಿಲ್ಲ. ಬುಧನ ಆ ವ್ಯತ್ಯಾಸ, ಶತಮಾನಕ್ಕೆ 43 ಆರ್ಕ್‌ಸೆಕೆಂಡ್, 1915ರಲ್ಲಿ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತದಲ್ಲಿ ತಾನಾಗಿಯೇ ಹೊರಬಂತು. ಯಾವ ಗ್ರಹವೂ ಬೇಕಾಗಲಿಲ್ಲ.

ಇಂಥ ಕಥೆಯನ್ನು ಪಠ್ಯಪುಸ್ತಕ ಹೇಳುವುದಿಲ್ಲ. ವಿಜ್ಞಾನ ಎಡವುತ್ತಾ ನಡೆಯುತ್ತದೆ ಎನ್ನುವುದನ್ನು ಮಕ್ಕಳಿಗೆ ತಿಳಿಸಲು, ಎಡವಿದ ಜಾಗದಲ್ಲೇ ನಿಲ್ಲಿಸಿ ಹೇಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

1922ರಿಂದ 1948ರವರೆಗೆ ನಿರ್ದೇಶಕರಾಗಿದ್ದ ಜೋಯೆಲ್ ಸ್ಟೆಬಿನ್ಸ್ ಕಾಲದಲ್ಲಿ ಈ ದೂರದರ್ಶಕ ನಿಜವಾದ ಭೌತಶಾಸ್ತ್ರದ ಉಪಕರಣವಾಯಿತು. ಅಲ್ಲಿಯವರೆಗೆ ನಕ್ಷತ್ರ ಎಷ್ಟು ಪ್ರಖರ ಎಂದು ಹೇಳುತ್ತಿದ್ದುದು ಕಣ್ಣಂದಾಜಿನಿಂದ ಅಥವಾ ಛಾಯಾಚಿತ್ರದ ಚುಕ್ಕೆಯ ಗಾತ್ರದಿಂದ. ಸ್ಟೆಬಿನ್ಸ್ ಮೊದಲು ಇಲಿನಾಯ್‌ನಲ್ಲಿ, ಆಮೇಲೆ ಮ್ಯಾಡಿಸನ್‌ನಲ್ಲಿ, ಕಣ್ಣಿಡುವ ಜಾಗಕ್ಕೆ ದ್ಯುತಿವಿದ್ಯುತ್ ಕೋಶ ಜೋಡಿಸಿದರು. ನಕ್ಷತ್ರದ ಬೆಳಕು ಬಿದ್ದರೆ ಅದರಿಂದ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ, ಅದನ್ನು ಅಳೆದರಾಯಿತು. ಆ ಕೋಶಗಳನ್ನು ಮಾಡಿಕೊಟ್ಟವರು ಇಲಿನಾಯ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಯಾಕೋಬ್ ಕುಂಜ್. ಹೀಗೆ ಅಳೆಯುತ್ತ ಹೋದಾಗ, ದೂರದ ನಕ್ಷತ್ರಗಳು ಇರಬೇಕಾದ್ದಕ್ಕಿಂತ ಕೆಂಪಾಗಿ ಕಾಣುತ್ತವೆ, ನಡುವಿನ ಅಂತರಿಕ್ಷದಲ್ಲಿ ಧೂಳು ತುಂಬಿದೆ ಎಂಬುದು ಖಚಿತವಾಯಿತು. ನಮ್ಮ ಕ್ಷೀರಪಥ ಮೊದಲು ಎಣಿಸಿದ್ದಷ್ಟು ದೊಡ್ಡದಲ್ಲ ಎಂದು ಲೆಕ್ಕ ತಿದ್ದಲು ಈ ಧೂಳಿನ ಅರಿವು ಬೇಕಾಯಿತು.

ದ್ಯುತಿವಿದ್ಯುತ್ ಕೋಶಕ್ಕೆ ಆಗ ಎಂಥ ಆಕರ್ಷಣೆ ಇತ್ತೆಂದರೆ, 1933ರ ಮೇ 27ರಂದು ಷಿಕಾಗೊ ವಿಶ್ವಪ್ರದರ್ಶನದ ದೀಪಗಳನ್ನು ಬೆಳಗಿಸಿದ್ದು ನಕ್ಷತ್ರ. ನಮ್ಮ ಸ್ವಾತಿಯೇ ಅದು. ವಿಸ್ಕಾನ್ಸಿನ್ ರಾಜ್ಯದಲ್ಲೇ ಇರುವ ಯರ್ಕಿಸ್ ವೀಕ್ಷಣಾಲಯದ 40 ಇಂಚಿನ ದೂರದರ್ಶಕ ಸ್ವಾತಿಯ ಬೆಳಕನ್ನು ಕೋಶದ ಮೇಲೆ ಬೀಳಿಸಿತು, ಹುಟ್ಟಿದ ವಿದ್ಯುತ್ ಸಂಕೇತ ತಂತಿಯಲ್ಲಿ ಷಿಕಾಗೊ ಮುಟ್ಟಿತು, ದೀಪ ಹತ್ತಿದವು. ಸ್ವಾತಿಯ ದೂರ 40 ಬೆಳಕಿನ ವರ್ಷ ಎಂದು ಆಗ ತಿಳಿದಿದ್ದರು. ಅದೇ ಊರಿನಲ್ಲಿ 1893ರಲ್ಲಿ ನಡೆದಿದ್ದ ಹಿಂದಿನ ಪ್ರದರ್ಶನದ ಹೊತ್ತಿಗೆ ಹೊರಟ ಬೆಳಕು ಈಗ ಬಂತು ಎಂಬ ಲೆಕ್ಕ. ಇಂದಿನ ಅಳತೆಯಲ್ಲಿ ದೂರ ಸುಮಾರು 37 ಬೆಳಕಿನ ವರ್ಷ. ಲೆಕ್ಕ ಮೂರು ವರ್ಷ ತಪ್ಪಿತು, ಆಡಂಬರಕ್ಕೇನೂ ಊನವಾಗಲಿಲ್ಲ. ಅದೇ ಯರ್ಕಿಸ್‌ಗೆ ನಾಲ್ಕು ವರ್ಷದ ಬಳಿಕ ಬಂದು ಸೇರಿದವರು ನಮ್ಮ ಖಗೋಳ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್.

1958ರಲ್ಲಿ ಮ್ಯಾಡಿಸನ್‌ನ ಖಗೋಳಜ್ಞರು ಊರಾಚೆಯ ಪೈನ್ ಬ್ಲಫ್‌ನಲ್ಲಿ ಹೊಸ ದೂರದರ್ಶಕ ಹಾಕಿಕೊಂಡರು. ಈಗ ಅವರು ಆರಿಜೋನಾದ ಬೆಟ್ಟದ ಮೇಲಿನ 3.5 ಮೀಟರಿನ ದೂರದರ್ಶಕವನ್ನೂ ದಕ್ಷಿಣ ಆಫ್ರಿಕಾದ ‘ಸಾಲ್ಟ್’ ಅನ್ನೂ ಬಳಸುತ್ತಾರೆ. ಸಾಲ್ಟ್‌ನಲ್ಲಿ ಪುಣೆಯ ಖಗೋಳ ಸಂಸ್ಥೆ ‘ಐಯುಕಾ’ ಕೂಡ ಪಾಲುದಾರ. ಹಳೆಯದು ಬೋಧನೆಗೂ ಬುಧವಾರಕ್ಕೂ ಉಳಿಯಿತು.

ಭೌತಶಾಸ್ತ್ರ ವಿಭಾಗದ ಕಥೆ ಗುಡ್ಡದಿಂದ ಕೆಳಗೆ, ಸ್ಟರ್ಲಿಂಗ್ ಹಾಲ್ ಎಂಬ ಕಟ್ಟಡದಲ್ಲಿ. 1918ರಲ್ಲಿ ಲಿಯೊನಾರ್ಡ್ ಇಂಗರ್‌ಸಾಲ್ ಎಂಬ ಪ್ರಾಧ್ಯಾಪಕರು ಅಲ್ಲಿ ಭೌತಶಾಸ್ತ್ರಕ್ಕೆಂದೇ ವಸ್ತುಸಂಗ್ರಹಾಲಯ ತೆರೆದರು. ಆ ದೇಶದಲ್ಲಿ ಆ ಬಗೆಯ ಮೊದಮೊದಲಿನವುಗಳಲ್ಲಿ ಅದು ಒಂದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ದೂರದಿಂದ ನೋಡಿ ಎನ್ನುವ ಜಾಗವಲ್ಲ, ಒತ್ತಿ, ತಿರುಗಿಸಿ, ಎಳೆದು ನೋಡುವ ಜಾಗ. ಈಗ ಪಕ್ಕದ ಚೇಂಬರ್ಲಿನ್ ಹಾಲ್‌ನಲ್ಲಿದೆ, ಪ್ರವೇಶ ಉಚಿತ.

ಅದೇ ಸ್ಟರ್ಲಿಂಗ್ ಹಾಲ್‌ನ ಹೊರಗೆ 1970ರ ಆಗಸ್ಟ್ 24ರ ನಸುಕಿನಲ್ಲಿ ಸ್ಫೋಟಕ ತುಂಬಿದ ವ್ಯಾನ್ ಸಿಡಿಯಿತು. ವಿಯೆಟ್ನಾಂ ಯುದ್ಧ ವಿರೋಧಿಸುತ್ತಿದ್ದ ನಾಲ್ವರು ಯುವಕರು ಇಟ್ಟದ್ದು. ಅವರ ಗುರಿ ಮೇಲಂತಸ್ತುಗಳಲ್ಲಿದ್ದ ಸೈನ್ಯದ ಗಣಿತ ಸಂಶೋಧನಾ ಕೇಂದ್ರ. ನೆಲಕಚ್ಚಿದ್ದು ಕೆಳಗಿನ ಭೌತಶಾಸ್ತ್ರ ಪ್ರಯೋಗಾಲಯಗಳು. ರಾತ್ರಿಯಿಡೀ ಅತಿವಾಹಕತೆಯ ಪ್ರಯೋಗದಲ್ಲಿ ತೊಡಗಿದ್ದ 33 ವರ್ಷದ ರಾಬರ್ಟ್ ಫಾಸ್ನಾಕ್ಟ್ ಸತ್ತರು. ಮೂರು ಮಕ್ಕಳ ತಂದೆ. ಸೈನ್ಯದ ಕೇಂದ್ರಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಮೂವರು ಅಪರಾಧಿಗಳು ಸಿಕ್ಕಿ ಜೈಲಿಗೆ ಹೋದರು, ನಾಲ್ಕನೆಯವ ಲಿಯೊ ಬರ್ಟ್ ಸಿಗಲೇ ಇಲ್ಲ. ಫಾಸ್ನಾಕ್ಟ್ ಹೆಸರಿನ ಫಲಕ ಆ ಕಟ್ಟಡಕ್ಕೆ ಬಂದದ್ದು 2007ರಲ್ಲಿ. ವಿಶ್ವವಿದ್ಯಾಲಯವೊಂದಕ್ಕೆ ಇಷ್ಟು ಸರಳ ಕೆಲಸಕ್ಕೆ 37 ವರ್ಷ ಬೇಕಾಯಿತು ಎನ್ನುವುದನ್ನು ನಾನು ಯಾವ ದಿಕ್ಕಿನಿಂದ ನೋಡಿದರೂ ಸಮರ್ಥಿಸಲಾರೆ.

ಅಂಥದ್ದಾದ ಮೇಲೆ ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕೂರಬಹುದಿತ್ತು. ಆದದ್ದು ಬೇರೆ. ಸ್ಫೋಟ ನಡೆದ ವರ್ಷದ ಕ್ರಿಸ್ಮಸ್ ಹೊತ್ತಿಗೇ ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ, ಲೆಬನಾನ್ ಮೂಲದ ಬಸ್ಸಾಂ ಶಖಾಶಿರಿ ಊರವರಿಗಾಗಿ ಪ್ರಯೋಗಗಳ ಪ್ರದರ್ಶನ ಆರಂಭಿಸಿದರು. ಅದರ ಜನಪ್ರಿಯತೆ ನೋಡಿ 1984ರಲ್ಲಿ ಭೌತಶಾಸ್ತ್ರ ವಿಭಾಗದ ಕ್ಲಿಂಟ್ ಸ್ಪ್ರಾಟ್ ತಮ್ಮದೊಂದನ್ನು ಶುರುಮಾಡಿದರು: ‘ದಿ ವಂಡರ್ಸ್ ಆಫ್ ಫಿಸಿಕ್ಸ್’. ಸ್ಪ್ರಾಟ್ ಅವರ ಸಂಶೋಧನೆ ಪ್ಲಾಸ್ಮಾ ಮತ್ತು ಕೇಯಾಸ್ ಸಿದ್ಧಾಂತದಲ್ಲಿ. ವೇದಿಕೆಯ ಮೇಲೆ ಮಾತ್ರ ಜಾದೂಗಾರನ ಹುರುಪು. ಚಲನೆ, ಶಾಖ, ಶಬ್ದ, ವಿದ್ಯುತ್, ಕಾಂತ, ಬೆಳಕು, ಎಲ್ಲವೂ ಒಂದೇ ಪ್ರದರ್ಶನದಲ್ಲಿ. ವರ್ಷಕ್ಕೊಮ್ಮೆ ಫೆಬ್ರುವರಿಯ ಕೊರೆವ ಚಳಿಯಲ್ಲಿ ನಡೆಯುವ ಅದು ಉಳಿದ ದಿನಗಳಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಶಾಲೆಗಳಿಗೇ ಹೋಗುತ್ತದೆ.

ಇದರ ಹಿಂದೆ ಆ ರಾಜ್ಯದ ಹಳೆಯ ಚಿಂತನೆಯೊಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಭೂವಿಜ್ಞಾನಿ ಚಾರ್ಲ್ಸ್ ವ್ಯಾನ್ ಹೈಸ್, ವಿಶ್ವವಿದ್ಯಾಲಯದ ಫಲ ರಾಜ್ಯದ ಪ್ರತಿ ಮನೆಗೂ ತಲುಪಬೇಕೆಂದು ಹೇಳಿದರು. ‘ವಿಸ್ಕಾನ್ಸಿನ್ ಐಡಿಯಾ’ ಎಂದು ಅದು ಹೆಸರಾಯಿತು. ಅದಕ್ಕೂ ಮೊದಲೇ, 1890ರಲ್ಲಿ, ಅಲ್ಲಿನ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವ ಸುಲಭ ಪರೀಕ್ಷೆ ರೂಪಿಸಿ, ಪೇಟೆಂಟ್ ಮಾಡಿಸದೆ ರೈತರಿಗೆ ಬಿಟ್ಟುಕೊಟ್ಟಿದ್ದರು. ನಮ್ಮ ಹಳ್ಳಿಯ ಡೇರಿಯಲ್ಲಿ ‘ಫ್ಯಾಟ್ ಎಷ್ಟು ಬಂತು’ ಎಂದು ಕೇಳುವವರಿಗೆ ಆ ಪರೀಕ್ಷೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹಾಲಿಗೆ ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ದರ ಸಿಗುವ ಅನ್ಯಾಯ ಅದರಿಂದ ನಿಂತಿತು. ತೆರಿಗೆ ಕೊಟ್ಟ ರೈತನಿಗೆ ಹಾಲಿನ ಪರೀಕ್ಷೆಯ ಮೇಲೆ ಎಷ್ಟು ಹಕ್ಕಿದೆಯೋ ಶನಿಯ ಉಂಗುರದ ಮೇಲೂ ಅಷ್ಟೇ ಹಕ್ಕಿದೆ ಎನ್ನುವುದು ಬುಧವಾರದ ಒಳತರ್ಕ ಎಂದು ನನ್ನ ತಿಳಿವಳಿಕೆ.

ಇಂದು ಆ ಭೌತಶಾಸ್ತ್ರ ವಿಭಾಗ ನೋಡುತ್ತಿರುವ ಆಕಾಶಕ್ಕೆ ಮಸೂರವೇ ಬೇಡ. ದಕ್ಷಿಣ ಧ್ರುವದ ಹಿಮದಲ್ಲಿ ಒಂದೂವರೆಯಿಂದ ಎರಡೂವರೆ ಕಿಲೋಮೀಟರ್ ಆಳದಲ್ಲಿ 5,160 ಬೆಳಕಿನ ಸಂವೇದಕಗಳನ್ನು ಹೂತು ಮಾಡಿದ ‘ಐಸ್‌ಕ್ಯೂಬ್’ ಎಂಬ, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹಿಡಿಯುವ ದೂರದರ್ಶಕವನ್ನು ಮುನ್ನಡೆಸುತ್ತಿರುವುದು ಮ್ಯಾಡಿಸನ್. ಅದರ ಕನಸು ಕಂಡವರು ಅಲ್ಲಿನ ಪ್ರಾಧ್ಯಾಪಕ ಫ್ರಾನ್ಸಿಸ್ ಹಾಲ್ಜನ್. 2010ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡಿತು. 2017ರ ಸೆಪ್ಟೆಂಬರ್ 22ರಂದು ಅಲ್ಲಿ ಸಿಕ್ಕ ಒಂದೇ ಒಂದು ನ್ಯೂಟ್ರಿನೊದ ಜಾಡು ಹಿಡಿದು ಹೋದಾಗ, ಮಹಾವ್ಯಾಧನ ಭುಜದ ಪಕ್ಕದ ದಿಕ್ಕಿನಲ್ಲಿ, ಸುಮಾರು 400 ಕೋಟಿ ಬೆಳಕಿನ ವರ್ಷ ಆಚೆಯ ಉಗ್ರ ಗೆಲಾಕ್ಸಿಯೊಂದು ಪತ್ತೆಯಾಯಿತು. ಅದರ ನಡುವಿನ ಕಪ್ಪುಕುಳಿಯ ಆಸುಪಾಸಿನಿಂದ ಹೊರಟ ಕಣ ಅದು ಎಂದು ಮರುವರ್ಷ ಪ್ರಕಟಿಸಿದರು.

ಇಲ್ಲಿ ಕನ್ನಡ ನೆಲದ ಹೆಸರು ಹೇಳಲೇಬೇಕು. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳು ಮೊಟ್ಟಮೊದಲು ಪತ್ತೆಯಾದ ಜಾಗಗಳಲ್ಲಿ ಒಂದು ಕೋಲಾರದ ಚಿನ್ನದ ಗಣಿ. 1965ರಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ತಂಡ ಅವನ್ನು ಹಿಡಿಯಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಹಿಡಿಯಿತು. ಕೋಲಾರದ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. 1950ರ ದಶಕದ ಆರಂಭದಲ್ಲೇ ಗಣಿಯೊಳಗೆ ಇಳಿದು ಮ್ಯುಆನ್ ಕಣಗಳನ್ನು ಎಣಿಸಿದ್ದವರು. ಗಣಿ ಕಾರ್ಮಿಕರ ಜತೆ ತೊಟ್ಟಿಲಲ್ಲಿ ಇಳಿದು ಆಕಾಶದ ಲೆಕ್ಕ ಹಾಕಿದ ಈ ಕೆಲಸ ನಮ್ಮ ಹೈಸ್ಕೂಲು ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಕೆಜಿಎಫ್ ಎಂದರೆ ಈಗ ಸಿನಿಮಾ.

ಗೊತ್ತಿಲ್ಲದಿರುವುದಕ್ಕೆ ಕಾರಣ ಆಸಕ್ತಿಯ ಕೊರತೆ ಎಂದು ನಾನು ಒಪ್ಪುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಕೊಡಗು, ಮಂಗಳೂರಿನ ಬಯಲುಗಳಲ್ಲಿ ಸೇರಿದ್ದ ಜನರನ್ನು ಕಂಡವರಾರೂ ಹಾಗೆನ್ನಲಾರರು. ನಮ್ಮಲ್ಲಿ ಆಕಾಶ ನೋಡುವುದು ಜಾತ್ರೆಯಾಗಿದೆ, ಆಗಬೇಕಾದದ್ದು ಸಂತೆ. ಜಾತ್ರೆ ವರ್ಷಕ್ಕೋ ಹತ್ತು ವರ್ಷಕ್ಕೋ ಬರುತ್ತದೆ, ನೂಕುನುಗ್ಗಲಲ್ಲಿ ದೇವರ ಮುಖ ಅರೆಗಳಿಗೆ ಕಂಡರೆ ಪುಣ್ಯ, ಪ್ರಶ್ನೆ ಕೇಳಲು ಪುರುಸೊತ್ತಿಲ್ಲ. ಸಂತೆ ಹಾಗಲ್ಲ. ಯಾವ ವಾರ ಎಂದು ಯಾರನ್ನೂ ಕೇಳಬೇಕಿಲ್ಲ. ಹೋದವಾರ ತಪ್ಪಿದರೆ ಈ ವಾರ. ಮ್ಯಾಡಿಸನ್ ಬುಧವಾರದ ಶಕ್ತಿ ಅದರ ಮಸೂರದಲ್ಲಿಲ್ಲ, ಗೊತ್ತಾದ ವಾರದಲ್ಲಿದೆ.

ಇದು ನಮ್ಮಿಂದಾಗದ ಕೆಲಸವೂ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1960ರಲ್ಲಿ ಮರಳಿದರು. ಎರಡೇ ವರ್ಷದಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಕಾಕತಾಳೀಯವೋ ಏನೋ, ಅಲ್ಲೂ ಬುಧವಾರ. ಎಚ್ಚೆನ್ ಅವರು 2005ರಲ್ಲಿ ತೀರಿಕೊಂಡ ಮೇಲೂ ಉಪನ್ಯಾಸ ನಿಲ್ಲಲಿಲ್ಲ. ವ್ಯಕ್ತಿಗಿಂತ ವಾರ ಗಟ್ಟಿ.

ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳ, ಪದವಿ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರಲ್ಲಿ ಒಂದು ಕೋರಿಕೆ. ಬೀರುವಿನಲ್ಲಿ ಬಟ್ಟೆ ಹೊದ್ದು ಕೂತಿರುವ ದೂರದರ್ಶಕವಿದ್ದರೆ ಹೊರತೆಗೆಯಿರಿ. ಆರು ಇಂಚಿನ ಕನ್ನಡಿಯದ್ದು ಸಾಕು, ಶನಿ, ಗುರು, ಚಂದ್ರ ಮೂವರೂ ಕಾಣುತ್ತಾರೆ. ಮುಂಗಾರಿನ ತಿಂಗಳು ಬಿಡಿ. ಅಕ್ಟೋಬರ್‌ನಿಂದ ಮೇ ತನಕ ತಿಂಗಳಿಗೆ ಒಂದು ಸಂಜೆ ಗೊತ್ತುಮಾಡಿ, ಕಾಲೇಜಿನ ಗೇಟಿಗೆ ಬೋರ್ಡು ತೂಗುಹಾಕಿ. ತೋರಿಸುವ ಕೆಲಸ ವಿದ್ಯಾರ್ಥಿಗಳಿಗೇ ವಹಿಸಿ. ಎದುರಿಗಿರುವ ತರಕಾರಿ ಮಾರುವವರಿಗೆ ಗ್ರಹಣ ಹೇಗಾಗುತ್ತದೆಂದು ಬಿಡಿಸಿ ಹೇಳಬಲ್ಲ ಹುಡುಗಿಗೆ ಮೌಖಿಕ ಪರೀಕ್ಷೆ ಕಷ್ಟವಾಗದು. ಮೋಡವಿದ್ದರೆ ಇವತ್ತಿಲ್ಲ ಎಂದು ಹೊತ್ತಿಗೆ ಮುಂಚೆ ತಿಳಿಸಿ. ನಾಲ್ಕೇ ಜನ ಬಂದರೂ ಮುಂದಿನ ತಿಂಗಳು ಅದೇ ವಾರ ಬಾಗಿಲು ತೆರೆದಿರಲಿ.